ಮರಳುಗಾಡಿನ ಇಬ್ಬರು ‘ನೀವು’ ಬಿಟ್ಟು ‘ನೀನು’ ಎಂದದ್ದು

ಮುಂಬಯಿಯ ಅಂಧೇರಿಯ ಸ್ಟುಡಿಯೋ ಒಂದಕ್ಕೆ ಇಂಗ್ಲಿಷ್ ಚಿತ್ರಗಳ ಕನ್ನಡ ಸಂಭಾಷಣೆಯನ್ನು ಬರೆದುಕೊಡುವುದು ನನ್ನ ಕಸುಬು. ಕನ್ನಡ ಚಿತ್ರೋದ್ಯಮದ ಸಂಘಗಳು ಡಬ್ಬಿಂಗ್ ಚಿತ್ರಗಳಿಗೆ ಅಡ್ಡಿಪಡಿಸುವುದು ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಆದೇಶಿಸುವವರೆಗೆ ನನ್ನಂಥವರು ಜಾಹೀರಾತುಗಳನ್ನೇ ನೆಚ್ಚಿಕೊಂಡಿದ್ದೆವು. ಕಳೆದ ವರ್ಷ ಕೈಗೆ ಬಂದ ಚಿತ್ರದ ಹೆಸರನ್ನು ಒಪ್ಪಂದದ ಕಾರಣ ಬರೆಯುವಂತಿಲ್ಲ. ನೀರು ಬತ್ತಿದ ಮರಳುಗಾಡು, ತುಕ್ಕು ಹಿಡಿದ ಟ್ಯಾಂಕರು, ಅದರ ಚಾಲಕ, ದಾರಿಯಲ್ಲಿ ಹತ್ತಿಕೊಂಡ ಮೆಕ್ಯಾನಿಕ್, ಬೆನ್ನಟ್ಟುವ ದರೋಡೆಕೋರರು: ಕಥೆ ಇಷ್ಟೇ.

ದೂಳಿಗೆಂದು ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದುದರಿಂದ ಹೊಡೆದಾಟದ ದೃಶ್ಯಗಳಲ್ಲಿ ತುಟಿಯ ಚಲನೆಗೆ ಮಾತನ್ನು ಕೂರಿಸುವ ತಾಪತ್ರಯವಿರಲಿಲ್ಲ. ನನ್ನನ್ನು ಕಾಡಿದ್ದು ಇಂಗ್ಲಿಷಿನ ‘ಯೂ’. ಅಪರಿಚಿತರಾಗಿ ಭೇಟಿಯಾದ ಈ ಇಬ್ಬರು ಗೆಳೆಯರಾಗುವ ಕ್ಷಣವನ್ನು ಆ ಪದ ತೋರಿಸುವುದಿಲ್ಲ. ಕನ್ನಡದಲ್ಲಾದರೋ ಅವರು ಯಾವ ದೃಶ್ಯದಲ್ಲಿ ‘ನೀವು’ ಬಿಟ್ಟು ‘ನೀನು’ ಎನ್ನುತ್ತಾರೆಂಬುದನ್ನು ನಾನೇ ನಿರ್ಧರಿಸಬೇಕು. ಎರಡೂ ಪದಗಳು ಉಕಾರದಲ್ಲಿ ಮುಗಿಯುವುದರಿಂದ ನಟನ ದುಂಡಾದ ತುಟಿಗೆ ಯಾವುದಾದರೂ ಸಲ್ಲುತ್ತದೆ, ಹಾಗಾಗಿ ತೆರೆಯೂ ಸಹಾಯಕ್ಕೆ ಬರಲಿಲ್ಲ.

ಚಾಲಕನಿಗೆ ವಿಜಯಪುರದ ಮಾತನ್ನೂ ನಗಿಸುವ ಮೆಕ್ಯಾನಿಕನಿಗೆ ಮಂಗಳೂರಿನ ಮಾತನ್ನೂ ಕೊಟ್ಟೆ. ಮುಕ್ಕಾಲು ಚಿತ್ರದವರೆಗೆ ಚಾಲಕ ‘ನಡೀರಿ’ ಎನ್ನುತ್ತಾನೆ. ಮೆಕ್ಯಾನಿಕ್ ತನ್ನ ಪಾಲಿನ ಕುಡಿಯುವ ನೀರನ್ನು ಕುದಿಯುತ್ತಿದ್ದ ರೇಡಿಯೇಟರಿಗೆ ಸುರಿದ ಮೇಲೆ, ಅವನನ್ನು ಹಿಡಿದು ಮೇಲೆತ್ತುತ್ತ ‘ನಡಿ’ ಎನ್ನುತ್ತಾನೆ. ಆದರೆ ‘ನಡಿ’ ಚಿಕ್ಕದಾಯಿತು. ನಟನ ಬಾಯಿ ಇನ್ನೂ ಆಡುತ್ತಿತ್ತು. ಮೂಲದಲ್ಲಿ ಆ ಮಾತು ‘ಮ್ಯಾನ್’ ಎಂದು ಮುಗಿಯುವುದರಿಂದ ತುಟಿ ಒಮ್ಮೆ ಮುಚ್ಚಿ ತೆರೆಯುತ್ತದೆ. ಅಲ್ಲಿ ಮಕಾರವೇ ಬೇಕಿತ್ತು. ಮೆಕ್ಯಾನಿಕನ ಬಾಯಲ್ಲಿ ಅಷ್ಟೂ ಹೊತ್ತು ಹೊರಳಿದ್ದ ಪದವನ್ನೇ ಚಾಲಕನಿಗೆ ದಾಟಿಸಿದೆ: ‘ನಡಿ, ಮಾರಾಯ.’ ವಿಜಯಪುರದವನ ಬಾಯಲ್ಲಿ ಆ ಪದ ಕೇಳಿ ಕಂಠದಾನ ಕಲಾವಿದರು ನಕ್ಕರು, ಎರಡನೆಯ ಟೇಕಿನಲ್ಲಿ ನಗಲಿಲ್ಲ.

ಬಿಡುಗಡೆಯಾದ ಮೇಲೆ ಡೊಂಬಿವಲಿಯ ನಮ್ಮ ಮನೆಯಲ್ಲಿ ನೆರೆಯ ಕನ್ನಡಿಗರೊಂದಿಗೆ ಕುಳಿತು ನೋಡಿದೆ. ಟ್ಯಾಂಕರು ಉರುಳುವ ದೃಶ್ಯಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು, ಅದರಲ್ಲಿ ನನ್ನದೇನೂ ಇಲ್ಲ. ‘ನಡಿ, ಮಾರಾಯ’ ಬಂದಾಗ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಅಜ್ಜಿಯೊಬ್ಬರು ‘ಈಗ ಕೂಡಿದ್ರು ನೋಡ್’ ಎಂದರು; ಆ ವಾರ ಓದಿದ ಯಾವ ವಿಮರ್ಶೆಯೂ ಆ ಮಾತನ್ನು ಗಮನಿಸಿರಲಿಲ್ಲ. ಕಾನೂನೇ ಇಲ್ಲದ ಊರಿನಲ್ಲಿ ‘ರೀ’ ಎಂದು ಕರೆಯುವವರು ಯಾರು ಎಂದು ಅವರ ಮೊಮ್ಮಗ ಕೇಳಿದ. ಒಪ್ಪತಕ್ಕ ಮಾತೇ, ಆದರೆ ಮೊದಲು ‘ರೀ’ ಇಲ್ಲದಿದ್ದರೆ ಆಮೇಲೆ ಬಿಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಉಡುಪಿಯ ನೆರೆಯವರದು ಬೇರೆಯೇ ತಕರಾರು. ‘ನಗಿಸುವವ ಯಾವಾಗಲೂ ನಮ್ಮ ಊರಿನವನೇ ಯಾಕೆ ಆಗ್ಬೇಕು?’ ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಬರೆಯುತ್ತಿರುವ ಚಿತ್ರದಲ್ಲಿ ಕರಾವಳಿಯ ಮಾತನ್ನು ನ್ಯಾಯಾಧೀಶೆಯ ಪಾತ್ರಕ್ಕೆ ಕೊಟ್ಟಿದ್ದೇನೆ. ಸ್ಟುಡಿಯೋದವರು ಇನ್ನೂ ಒಪ್ಪಿಲ್ಲ.