ವಿಷದ ಹಾಲು ಬೇಡ, ಬಿಡುಗಡೆ ಪತ್ರ ಸಾಕು

ಅತ್ತೆಯನ್ನು ವಿಲನ್ ಮಾಡದೆ ಡೈಲಿ ಸೀರಿಯಲ್ ಓಡಲ್ಲ ಎಂದು ನನಗೆ ಹೇಳದವರೇ ಇಲ್ಲ. ಚಾನೆಲ್‌ನ ಇಪಿ, ಅಂದರೆ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್, ಹೇಳಿದರು, ಡೈರೆಕ್ಟರ್ ಹೇಳಿದರು, ಸೆಟ್‌ನಲ್ಲಿ ಟೀ ಕೊಡುವ ಹುಡುಗನೂ ಹೇಳಿದ. "ಮೇಡಂ, ಕಾಡಿಗೆ ಜಾಸ್ತಿ ಹಚ್ಕೊಂಡ ಹೆಂಗಸು ಒಬ್ಳು ಇರ್ಲೇಬೇಕು" ಅಂತ. ಈಗ ನಾನು ಬರೆಯುತ್ತಿದ್ದ ಆ ಸೀರಿಯಲ್ ಮುಗಿದಿದೆ. ಪೇಮೆಂಟೂ ಬಹುಪಾಲು ಬಂದಿದೆ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ಸ್ಕ್ರೀನ್‌ಪ್ಲೇ, ಸಂಭಾಷಣೆ ಬರೆಯುವವರಿಗಾಗಿ ಇದು.

ನಾನು ಸೇರಿದಾಗ ಕಥೆ ಅರ್ಧ ದಾರಿ ಸಾಗಿತ್ತು. ಟಿಆರ್‌ಪಿ ರೇಟಿಂಗ್ 3ಕ್ಕಿಂತ ಕೆಳಗೆ ಬಿದ್ದಿತ್ತು. ವಿಷದ ಹಾಲು ಆಗಿತ್ತು, ಮೆಟ್ಟಿಲ ಮೇಲೆ ಎಣ್ಣೆ ಆಗಿತ್ತು, ಗ್ಯಾಸ್ ಲೀಕ್ ಆಗಿತ್ತು, ತಾಳಿ ಕಳುವಾಗಿ ಸಿಕ್ಕಿಯೂ ಆಗಿತ್ತು. ಅತ್ತೆಗೆ ಮಾಡಲು ಕೆಟ್ಟ ಕೆಲಸವೇ ಉಳಿದಿರಲಿಲ್ಲ. ಸೊಸೆಗೆ ಅಳುವುದೊಂದೇ ಕೆಲಸ. ಪ್ರಸಾರದ ಸ್ಲಾಟ್ ಬದಲಾಯಿಸಿ ಮಧ್ಯಾಹ್ನಕ್ಕೆ ಹಾಕುತ್ತೇವೆ ಎಂಬ ಬೆದರಿಕೆ ಆಗಲೇ ಶುರುವಾಗಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಸೊಸೆಗೆ ಬಾಯಿ ಕೊಟ್ಟೆವು. ಹಾಲ್‌ನಲ್ಲಿ ನಿಂತು "ಹೆಣ್ಣು ಅಂದ್ರೆ ಏನಂದ್ಕೊಂಡಿದ್ದೀರಾ" ಅಂತ ಎರಡು ಪುಟ ಡೈಲಾಗ್. ಪ್ರೋಮೋ ಚೆನ್ನಾಗಿ ಓಡಿತು. ಆ ವಾರ ರೇಟಿಂಗ್ ಸ್ವಲ್ಪ ಎದ್ದಿತು, ಆಮೇಲೆ ಮೊದಲಿಗಿಂತ ಕೆಳಗೆ ಹೋಯಿತು. ಎಲ್ಲ ಜಗಳ ಗೆದ್ದವಳಿಗೆ ಮಾರನೇ ದಿನ ಏನು ಬರೆಯುವುದು? ವಾರಕ್ಕೆ ಐದು ಎಪಿಸೋಡ್ ಭಾಷಣ ಕೇಳಲು ಯಾರು ಕೂರುತ್ತಾರೆ?

ಆಮೇಲೆ ಅವಳನ್ನು ಕೆಲಸಕ್ಕೆ ಕಳಿಸಿದೆವು. ಆಫೀಸ್ ಸೆಟ್‌ಗೆ ದಿನಕ್ಕೆ ಸುಮಾರು 12,000 ಬಾಡಿಗೆ. ಕುರ್ಚಿಯಲ್ಲಿ ಕೂರುವ ಜೂನಿಯರ್‌ಗಳ ಖರ್ಚು ಬೇರೆ. ಎರಡೇ ವಾರಕ್ಕೆ ಅಲ್ಲೂ ಫೈಲ್ ಕಳುವಾಯಿತು, ಬಾಸ್‌ಗೆ ಪ್ರೀತಿ ಹುಟ್ಟಿತು, ಬಾಸ್‌ನ ಅಮ್ಮ ಕಾಡಿಗೆ ಹಚ್ಚಿಕೊಂಡು ಬಂದರು. ಮನೆ ಹೋಗಿ ಇನ್ನೊಂದು ಮನೆ ಬಂತು, ಅಷ್ಟೇ. ಪ್ರೊಡ್ಯೂಸರ್ ಕರೆದು "ನೋಡಮ್ಮ, ನಿನ್ನ ಮಹಿಳಾ ಸಬಲೀಕರಣಕ್ಕೆ ನನಗೆ ಹತ್ತಿರ ಹತ್ತಿರ 2 ಲಕ್ಷ ಆಯ್ತು" ಅಂದರು. ಸೆಟ್ ಎತ್ತಿಸಿದರು.

ಆಗ ನೋಟ್‌ಬುಕ್ ತೆಗೆದೆ. ಕಥೆಯ ಒಬ್ಬೊಬ್ಬ ಹೆಂಗಸಿಗೂ ಒಂದು ಪುಟ. ಅವಳ ಒಡವೆ ಎಷ್ಟು, ಅದರಲ್ಲಿ ಅಡವಿಟ್ಟಿದ್ದು ಎಷ್ಟು. ಸಂಘದ ಸಾಲ ಇದೆಯಾ, ಚೀಟಿ ಹಾಕಿದ್ದಾಳಾ. ಯಾರಿಗೂ ಹೇಳದೆ ಇಟ್ಟ ದುಡ್ಡು ಎಲ್ಲಿದೆ. ಯಾವ ಸೈಟು, ಯಾವ ಜಮೀನು ಯಾರ ಹೆಸರಲ್ಲಿದೆ. ನಮ್ಮ ಸೀರಿಯಲ್ ಹೆಂಗಸರು ಅಡುಗೆಮನೆಯಲ್ಲೂ ಕಾಸಿನ ಸರ ಹಾಕಿಕೊಂಡು ನಿಲ್ಲುತ್ತಾರೆ, ಅದು ಯಾರ ದುಡ್ಡಿನದು ಎಂದು ಯಾರೂ ಕೇಳಲ್ಲ. ಅಷ್ಟು ದೊಡ್ಡ ಬಂಗಲೆ, ಕಂತು ಕಟ್ಟುವ ಮಾತೇ ಬರಲ್ಲ. ನಾನು ಒಂದು ನಿಯಮ ಮಾಡಿಕೊಂಡೆ: ಸೀನ್ ಮುಗಿಯುವಾಗ ಯಾರದಾದರೂ ಪುಟದಲ್ಲಿ ಒಂದು ಸಾಲಾದರೂ ಬದಲಾಗಬೇಕು. ಆಗದಿದ್ದರೆ ಆ ಸೀನ್ ಬೇಡ.

ಮೊದಲು ಹೊಳೆದದ್ದು ಗೃಹಲಕ್ಷ್ಮಿ. 2023ರಲ್ಲಿ ಯೋಜನೆ ಶುರುವಾದಾಗ ಎಷ್ಟು ಮನೆಯಲ್ಲಿ ಕಿರಿಕಿರಿ ಆಯಿತು, ನೆನಪಿದೆಯಲ್ವಾ? ರೇಷನ್ ಕಾರ್ಡ್‌ನಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರ ಖಾತೆಗೆ ತಿಂಗಳಿಗೆ 2000. ಒಂದೇ ಕಾರ್ಡ್, ಒಬ್ಬಳೇ ಯಜಮಾನಿ, ಮನೆಯಲ್ಲಿ ಅತ್ತೆ ಒಬ್ಬಳು, ಸೊಸೆಯರು ಇಬ್ಬರು. ಇದಕ್ಕಿಂತ ಒಳ್ಳೆ ಟ್ರ್ಯಾಕ್, ಅಂದರೆ ಕಥೆಯ ಎಳೆ, ಬೇಕಾ? ಸರ್ಕಾರಿ ಯೋಜನೆ, ರಾಜಕೀಯ ಆಗುತ್ತೆ ಎಂದು ಚಾನೆಲ್ ಬೇಡ ಅಂದಿತು. ಅದನ್ನೇ ಸಂಘದ ಸಾಲ ಮಾಡಿ ಒಂದು ವಾರ ಓಡಿಸಿದೆ. ಸಾಧಾರಣ.

ನಿಜವಾಗಿ ಕೈಹಿಡಿದದ್ದು ನಾದಿನಿ. ಅಲ್ಲಿಯವರೆಗೆ ಅವಳಿಗೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವ ಕೆಲಸ ಮಾತ್ರ. ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ತವರಿಗೆ ಬಂದ ನಾದಿನಿಗೆ ಅಣ್ಣ ತಟ್ಟೆಯಲ್ಲಿ ಅರಿಶಿನ ಕುಂಕುಮ, ರೇಷ್ಮೆ ಸೀರೆ, 10,000 ರೂಪಾಯಿ ಕೊಡುತ್ತಾನೆ. ಸೀರೆಯ ಕೆಳಗೆ ಹಕ್ಕು ಬಿಡುಗಡೆ ಪತ್ರದ ಡ್ರಾಫ್ಟ್, ಅಂದರೆ ತವರಿನ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಟ್ಟೆ ಎಂದು ಬರೆದುಕೊಡುವ ಕಾಗದ. "ಸುಮ್ನೆ ಒಂದು ಸಹಿ ಅಷ್ಟೇ ಕಣೇ, ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸ್‌ಗೆ ಬಂದು ಹೋಗು."

ಇದರಲ್ಲಿ ನಾನು ಜಾಸ್ತಿ ಬೆವರು ಸುರಿಸಿದ್ದು ಅತ್ತೆ ಗಿರಿಜಮ್ಮನ ಮೇಲೆ. ಅವಳು ಎಂದೋ ತನ್ನ ತವರಿನಲ್ಲಿ ಒಂದು ಸೀರೆಗೆ ಸಹಿ ಹಾಕಿ ಬಂದವಳು. ಮಗಳಿಗೆ ಹಾಕು ಅನ್ನಲೂ ಆಗಲ್ಲ, ಬೇಡ ಅನ್ನಲೂ ಆಗಲ್ಲ. ನಾಳೆ ಅನ್ನ ಹಾಕುವವನು ಮಗ. ಸೊಸೆಗೂ ಇಲ್ಲಿ ಲಾಭ ಇದೆ: ನಾದಿನಿ ಸಹಿ ಹಾಕಿದರೆ ಗಂಡನ ಪಾಲು ದೊಡ್ಡದಾಗುತ್ತೆ. ಹೀರೋಯಿನ್‌ಗೆ ಆಸೆ ಇರುವಂತಿಲ್ಲ ಎಂದು ಇಪಿ ಹಠ ಹಿಡಿದರು. ಅದನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಮೂವರು ಹೆಂಗಸರು, ಮೂವರೂ ಕೆಟ್ಟವರಲ್ಲ, ಮೂವರಿಗೂ ಆ ಕಾಗದದಿಂದ ಬೇರೆ ಬೇರೆ ಬೇಕು. ವಿಷದ ಬಾಟಲಿ ಯಾಕೆ ಬೇಕು ಹೇಳಿ.

ಪರಿಚಯದ ಲಾಯರ್ ಒಬ್ಬರನ್ನು ಕೂರಿಸಿಕೊಂಡು ಕಾನೂನು ಕೇಳಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು, ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಇರಲಿಲ್ಲ. 2005ರಲ್ಲಿ ಇಡೀ ದೇಶಕ್ಕೆ ಬಂತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಸೀರಿಯಲ್‌ಗಳಲ್ಲಿ ಖಾಲಿ ಪೇಪರ್ ಮೇಲೆ ಸಹಿ ಹಾಕಿಸಿಕೊಂಡು ಆಸ್ತಿ ಹೊಡೆಯುತ್ತಾರಲ್ಲ, ಅದು ನಡೆಯಲ್ಲ. ಸ್ಥಿರಾಸ್ತಿಯ ಹಕ್ಕು ಬಿಡಬೇಕಾದರೆ ಪತ್ರ ನೋಂದಣಿ ಆಗಲೇಬೇಕು. ನನಗೆ ಅದೇ ಒಳ್ಳೆಯದಾಯಿತು. ಆಫೀಸ್‌ಗೆ ಹೋಗುವವರೆಗೆ ಮನೆಯಲ್ಲಿ ಬೇಕಾದಷ್ಟು ದಿನ ಸಿಕ್ಕಿತು.

ಚಾನೆಲ್ ಮೀಟಿಂಗ್‌ನಲ್ಲಿ "ಇದು ಕೋರ್ಟ್ ಸೀರಿಯಲ್ ಆಗುತ್ತೆ, ಹಳ್ಳಿ ಹೆಂಗಸರಿಗೆ ಅಳು ಬೇಕು" ಅಂದರು. 2021ರ ಕೊನೆಗೆ ಶುರುವಾದ 'ಪುಟ್ಟಕ್ಕನ ಮಕ್ಕಳು' ಸೀರಿಯಲ್‌ನ ಉದಾಹರಣೆ ಕೊಟ್ಟೆ. ಮೂರು ಹೆಣ್ಣು ಹೆತ್ತಳೆಂದು ಗಂಡ ಬಿಟ್ಟವಳು ಮೆಸ್ ನಡೆಸಿ ಬದುಕುವ ಕಥೆ, ಜನ ನೋಡಲಿಲ್ವಾ? "ಅಲ್ಲಿ ಉಮಾಶ್ರೀ ಇದ್ದಾರೆ ಮೇಡಂ, ನಮ್ಮಲ್ಲಿ ಯಾರಿದ್ದಾರೆ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ನನ್ನ ವಾದವಲ್ಲ, ಲೆಕ್ಕ. ಹಾಲ್‌ನಲ್ಲಿ ಒಂದು ಕಪಾಳಮೋಕ್ಷ ಅಂದರೆ ಒಂಬತ್ತು ಆರ್ಟಿಸ್ಟ್ ನಿಲ್ಲಬೇಕು. ಒಬ್ಬೊಬ್ಬರ ಮುಖಕ್ಕೂ ಮೂರು ಸಲ ಕ್ಯಾಮೆರಾ, ಧಡ್ ಧಡ್ ಅಂತ ಸೌಂಡು. 22 ನಿಮಿಷದ ಎಪಿಸೋಡ್‌ನಲ್ಲಿ ಎರಡು ನಿಮಿಷ ಪುಕ್ಕಟೆ ಹೋಗುತ್ತೆ, ಬರೆಯುವವರಿಗೂ ಆರಾಮ. ಆದರೆ ಆ ಒಂಬತ್ತು ಜನರ ದಿನದ ಪೇಮೆಂಟ್ ಸೇರಿಸಿದರೆ 40-45 ಸಾವಿರ. ನನ್ನ ಟ್ರ್ಯಾಕ್‌ನಲ್ಲಿ ಅಡುಗೆಮನೆ, ಹಿತ್ತಿಲು, ಬಾವಿಕಟ್ಟೆ, ಇಬ್ಬರು ಮೂವರು ಹೆಂಗಸರು. ಉಳಿದವರಿಗೆ ಕಾಲ್‌ಶೀಟ್ ಬೇಡ, ಅವತ್ತು ಕರೆಸುವುದೇ ಬೇಡ. ಇದನ್ನು ಕಾಗದದಲ್ಲಿ ಬರೆದು ಪ್ರೊಡ್ಯೂಸರ್ ಮುಂದಿಟ್ಟೆ. ಅವರೇ ಚಾನೆಲ್‌ಗೆ ಫೋನ್ ಮಾಡಿ ಎರಡು ವಾರ ಟೈಮ್ ಕೇಳಿದರು.

ಹೊರೆ ಬಿದ್ದದ್ದು ನನ್ನ ಮೇಲೆ. ಒಬ್ಬೊಬ್ಬರ ಮುಖ ತೋರಿಸುವ ರಿಯಾಕ್ಷನ್ ಶಾಟ್ ಇಲ್ಲದಿದ್ದರೆ ಎಪಿಸೋಡ್‌ಗೆ ಐದಾರು ಸೀನ್ ಸಾಲಲ್ಲ, ಎಂಟು ಒಂಬತ್ತು ಬೇಕು. ಎಪಿಸೋಡ್‌ಗೆ 500 ಜಾಸ್ತಿ ಕೇಳಿದೆ, ತುಂಬಾ ದಿನ ಆದ ಮೇಲೆ 300 ಮಾಡಿದರು. ಇಬ್ಬರೇ ಹೆಂಗಸರ ಮಾತನ್ನು ನಾಲ್ಕು ನಿಮಿಷ ಬೇಜಾರಾಗದಂತೆ ಎಳೆಯುವುದು ಹೇಗೆ ಎಂದು ಜೂನಿಯರ್ ರೈಟರ್‌ಗಳು ಕೇಳುತ್ತಾರೆ. ಅದನ್ನು ಹೇಳಲ್ಲ. ನನ್ನ ಅನ್ನ ಇರುವುದೇ ಅಲ್ಲಿ. ಅರ್ಧ ಮಾತ್ರ ಹೇಳುತ್ತೇನೆ: ಅವರ ಕೈಗೆ ಕೆಲಸ ಕೊಡಿ.

ಆ ಕೈಕೆಲಸವೂ ಸುಲಭಕ್ಕೆ ಬರಲಿಲ್ಲ. ಅವರೆಕಾಯಿ ಸುಲಿಯುವ ಸೀನ್ ಒಂದರಲ್ಲಿ ಕಂಟಿನ್ಯುಟಿ ಎಕ್ಕುಟ್ಟಿ ಹೋಯಿತು. ಒಂದು ಶಾಟ್‌ನಲ್ಲಿ ಮೊರದ ತುಂಬ ಕಾಳು, ಮುಂದಿನದರಲ್ಲಿ ಖಾಲಿ, ಮತ್ತೆ ತುಂಬಿದೆ. ಅಸಿಸ್ಟೆಂಟ್ ಹುಡುಗಿ ಅವತ್ತಿನಿಂದ ಪ್ರತಿ ಟೇಕ್‌ಗೂ ಮೊರದ ಫೋಟೋ ತೆಗೆಯಲು ಶುರು ಮಾಡಿದಳು. ಸೀನ್ ಮಾತ್ರ ಚೆನ್ನಾಗಿ ಬಂತು. ಗಿರಿಜಮ್ಮ ಪಾತ್ರದವರು ನಿಜವಾಗಿ ಸುಲಿಯುತ್ತಾ, ತಲೆ ಎತ್ತದೆ, "ನಾನು ಹಾಕಿದಾಗ ಓದೋಕೂ ಕೊಡ್ಲಿಲ್ಲ ಕಣೇ" ಅಂದುಬಿಟ್ಟರು. ಮಗಳು ಉತ್ತರ ಕೊಡಲ್ಲ, ಹುಳುಕು ಕಾಳು ಆರಿಸಿ ಎಸೆಯುತ್ತಾಳೆ. ಗ್ಲಿಸರಿನ್ ಬೇಕಾಗಲಿಲ್ಲ.

ಮಧ್ಯೆ ಇನ್ನೂ ಕೆಲವು ಪ್ರಯೋಗ ಮಾಡಿದೆ. ಮನೆಯಲ್ಲಿ ಕಾಟನ್ ಸೀರೆ ಉಡಿಸೋಣ ಅಂದೆ. ನಮ್ಮಲ್ಲಿ ಸೀರೆ ಆರ್ಟಿಸ್ಟ್‌ಗಳದ್ದೇ, ಹೀರೋಯಿನ್‌ಗೆ ಸೀರೆ ಅಂಗಡಿಯವರ ಜೊತೆ ಒಪ್ಪಂದ ಇತ್ತು, ಒಂದೇ ದಿನಕ್ಕೆ ಕೈಬಿಟ್ಟೆ. ಮಲಗುವಾಗ ಲಿಪ್‌ಸ್ಟಿಕ್ ಬೇಡ ಅಂದೆ, ಕ್ಯಾಮೆರಾಮನ್ ಒಪ್ಪಲಿಲ್ಲ. ಪಿಟೀಲು ತೆಗೆಸಿದೆ, ಎಡಿಟರ್ ರಾತ್ರಿ ಮತ್ತೆ ಹಾಕಿದ. ಒಲೆ ನಿಜವಾಗಿ ಹಚ್ಚಿ ಅಂದೆ, ಅದೊಂದು ಉಳಿಯಿತು. ಒಗ್ಗರಣೆಗೆ ಇಡೀ ಯೂನಿಟ್ ಕೆಮ್ಮಿತು.

ರೇಟಿಂಗ್ ಬರುವುದು ಗುರುವಾರ; ಮೊದಲ ಗುರುವಾರ ಸ್ವಲ್ಪ ಬಿತ್ತು. ಇಪಿ ಮುಖದಲ್ಲಿ ಖುಷಿ ಕಂಡೆ, ಇರಲಿ. ಎರಡನೇ ವಾರ ನಿಂತಲ್ಲೇ ನಿಂತಿತು. ಆಮೇಲೆ ಏರಿತು, ನೆನಪಿನಂತೆ 4 ದಾಟಿ ಐದರ ಹತ್ತಿರ ಹೋಯಿತು. ನಾದಿನಿ ಪಾತ್ರದ ಹುಡುಗಿಯನ್ನು ದೇವಸ್ಥಾನದಲ್ಲಿ ಅಜ್ಜಿಯೊಬ್ಬರು ಕೈಹಿಡಿದು ನಿಲ್ಲಿಸಿ "ಸಹಿ ಹಾಕ್ಬೇಡಮ್ಮ" ಅಂದರಂತೆ. ಅದೇ ವಾರ ಫೇಸ್‌ಬುಕ್‌ನಲ್ಲಿ ಅವಳಿಗೆ ಬೈಗುಳವೂ ಬಂತು, ತವರು ಮುರಿಯುವವಳು ಅಂತ. ಬೈದವರಲ್ಲಿ ಹೆಂಗಸರೂ ಬೇಕಾದಷ್ಟಿದ್ದರು. ಎರಡು ಪಂಗಡ ಆದ ಮೇಲೆ ಸೀರಿಯಲ್ ಬೀಳಲ್ಲ. ಸಹಿಯನ್ನು ಎಳೆದು ಎಳೆದು ದೀಪಾವಳಿಯವರೆಗೆ ತಂದೆ.

ಕೊನೆಗೆ ನಾದಿನಿ ಆ ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿಲ್ಲ, ಕೋರ್ಟ್‌ಗೂ ಹೋಗಲಿಲ್ಲ. ತನ್ನ ಪಾಲಿನಲ್ಲಿ ಅರ್ಧಕ್ಕೆ ಒಪ್ಪಿ, ಉಳಿದದ್ದನ್ನು ಅಮ್ಮನ ಹೆಸರಿಗೆ ಬರೆಸಿದಳು. ಅಮ್ಮನ ಹೆಸರಿಗೆ ಎನ್ನುವುದನ್ನು ಸೂಚಿಸಿದ್ದು ಗಿರಿಜಮ್ಮ ಪಾತ್ರ ಮಾಡಿದವರೇ, ಊಟದ ಬ್ರೇಕ್‌ನಲ್ಲಿ. ನಾನು ತಕ್ಷಣ ಬರೆದುಕೊಂಡೆ.

ಈಗ ಬೇರೆ ಸೀರಿಯಲ್‌ಗಳಲ್ಲೂ ಬಿಡುಗಡೆ ಪತ್ರ ಶುರುವಾಗಿದೆ. ಒಂದರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸ್‌ನಿಂದಲೇ ನಾದಿನಿಯನ್ನು ಕಿಡ್ನಾಪ್ ಮಾಡಿಸಿದ್ದಾರೆ. ನನ್ನ ಹೊಸ ಕಥೆಯಲ್ಲಿ ಅತ್ತೆ ಚೀಟಿ ನಡೆಸುತ್ತಾಳೆ, ಸೊಸೆ ಮೊದಲ ತಿಂಗಳೇ ಚೀಟಿ ಎತ್ತುತ್ತಾಳೆ. ಎಪಿಸೋಡ್‌ಗೆ 1000 ಜಾಸ್ತಿ ಕೇಳಿದ್ದೇನೆ. ಪ್ರೊಡ್ಯೂಸರ್ ಇನ್ನೂ ಏನೂ ಹೇಳಿಲ್ಲ.