ಬಿಟ್ಟ ಚೆಂಡುಗಳ ಲೆಕ್ಕ: ಆರಂಭಿಕ ಆಟಗಾರ ಸಹಾಯಕ ಆಯುಕ್ತನಾದದ್ದು

ಇಪ್ಪತ್ತೇಳು ದಾಟುವ ತನಕ ಹಾಸನದಲ್ಲಿ ಮ್ಯಾಟಿಂಗ್ ಪಿಚ್ ಮೇಲೆ ಇನಿಂಗ್ಸ್ ಆರಂಭಿಸುವುದೇ ನನ್ನ ಕಸುಬಾಗಿತ್ತು. ವಲಯ ತಂಡದ ಆಚೆಗೆ ಕರೆ ಬರಲಿಲ್ಲ. ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪರೀಕ್ಷೆ ಬರೆಯುತ್ತೇನೆ ಎಂದಾಗ ಸೋದರಮಾವ ಎಲ್ಲರೆದುರು, ‘ಶ್ರೀನಾಥ್ ಎಂಜಿನಿಯರಿಂಗ್ ಓದಿಕೊಂಡು ಆಡಿದ್ದು ಕಣಪ್ಪಾ. ನೀನು ಆಡಿಕೊಂಡು ಏನು ಓದಿದೆ? ಈ ವರ್ಷ ಆಲೂಗೆಡ್ಡೆ ಹಾಕು’ ಎಂದರು. ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನದೇ ಆದ್ದರಿಂದ ವೇಗದ ಬೌಲರ್ ಜಾವಗಲ್ ಶ್ರೀನಾಥ್ ಹೆಸರಿನ ಬೈಗುಳ ನಮಗೆ ಮಾಮೂಲು. ನನ್ನ ಬಳಿಯೂ ಒಂದು ಹೆಸರಿತ್ತು: ಅಮಯ್ ಖುರಾಸಿಯಾ. ನಾಗರಿಕ ಸೇವಾ ಪರೀಕ್ಷೆ ಪಾಸಾದ ಮೇಲೆ ಭಾರತಕ್ಕೆ ಆಡಿ, 1999ರಲ್ಲಿ ಪುಣೆಯಲ್ಲಿ ಶ್ರೀಲಂಕಾ ಎದುರು ಮೊದಲ ಏಕದಿನ ಪಂದ್ಯದಲ್ಲೇ 57 ಹೊಡೆದವರು. ಮಾವನಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ.

ಬೆಂಗಳೂರಿನ ವಿಜಯನಗರದಲ್ಲಿ ತರಬೇತಿಗೆ ಸುಮಾರು 65 ಸಾವಿರ ಕಟ್ಟಿದೆ. ಬೈಕು ಹೋಯಿತು. ಹನ್ನೊಂದು ಸಾವಿರದ ಇಂಗ್ಲಿಷ್ ವಿಲ್ಲೋ ಬ್ಯಾಟು ನಾಲ್ಕಕ್ಕೆ ಹೋಯಿತು. ಅದರ ಹೊಟ್ಟೆಯುರಿ ಇನ್ನೂ ಆರಿಲ್ಲ. ಕೊಟ್ಟ ನೋಟ್ಸ್ ಹಿಂದಿನ ವರ್ಷದ್ದೇ. ನಾಲ್ಕು ತಿಂಗಳಿಗೆ ವಾಪಸ್ ಬಂದೆ.

ಮೊದಲ ಸಲ ಪೂರ್ವಭಾವಿಯ ಎರಡೂ ಪತ್ರಿಕೆಗಳಲ್ಲಿ ನೂರಕ್ಕೆ ನೂರು ಪ್ರಶ್ನೆ ಮುಟ್ಟಿದೆ. ತಪ್ಪಿಗೆ ಅರ್ಧರ್ಧವೆಂದು ಕಳೆದದ್ದೇ ನಲವತ್ತರ ಹತ್ತಿರ. ಎರಡನೆಯ ಸಲ ಹೆದರಿ ತೊಂಬತ್ತು ಪ್ರಶ್ನೆ ಬಿಟ್ಟೆ, ಆರೋ ಏಳೋ ಅಂಕಕ್ಕೆ ಹೋಯಿತು.

ಆಡುವ ದಿನಗಳಲ್ಲಿ ಆಫ್ ಸ್ಟಂಪ್ ಆಚೆ ಆಡದೆ ಬಿಟ್ಟ ಚೆಂಡು, ಬಿಡದೆ ಔಟಾದ ಚೆಂಡು ಎರಡನ್ನೂ ಬರೆದಿಡುತ್ತಿದ್ದೆ. ಅದೇ ಪುಸ್ತಕ ಮುಂದುವರಿಸಿದೆ. ನಲವತ್ತರಷ್ಟು ಮಾದರಿ ಪತ್ರಿಕೆ ಬಿಡಿಸಿ, ಪ್ರತಿ ಪ್ರಶ್ನೆಯ ಪಕ್ಕ ಎಷ್ಟು ಆಯ್ಕೆ ಉಳಿದಿದ್ದವು, ಕೊನೆಗೆ ಏನಾಯಿತು ಎಂದು ಗುರುತು ಹಾಕಿದೆ. ಏನೂ ತಿಳಿಯದೆ ಎಂಟು ಪ್ರಶ್ನೆ ಊಹಿಸಿದರೆ ಲೆಕ್ಕದ ಪ್ರಕಾರ ಎರಡು ಸರಿ, ಆರು ತಪ್ಪು. ಸರಿಗೆ ಎರಡೆರಡರಂತೆ ನಾಲ್ಕು, ತಪ್ಪಿಗೆ ಕಳೆಯುವುದು ಮೂರು, ನಿವ್ವಳ ಒಂದು ಅಂಕ. ನನಗೆ ಅದೂ ಸಿಗುತ್ತಿರಲಿಲ್ಲ, ಕೈ ತಾನಾಗಿಯೇ ಆಸೆ ತೋರಿಸುವ ತಪ್ಪು ಉತ್ತರಕ್ಕೆ ಹೋಗುತ್ತಿತ್ತು. ಎರಡು ಆಯ್ಕೆ ಉಳಿದಲ್ಲಿ ಹತ್ತಕ್ಕೆ ಆರು ಸರಿ, ಅಲ್ಲಿ ಕಣ್ಣುಮುಚ್ಚಿ ಆಡಿದೆ. ಮೂರು ಉಳಿದಾಗ ಮಾತ್ರ ವಿಷಯ ನೋಡಿ ಆಡುವುದು, ಬಿಡುವುದು. ಯಾವ ವಿಷಯದಲ್ಲಿ ಆಡಿದೆ, ಯಾವುದರಲ್ಲಿ ಬಿಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಹುಚ್ಚು. ಸಂವಿಧಾನದ ವಿಧಿಗಳನ್ನು ಮೈದಾನದಲ್ಲಿ ನಿಲ್ಲಿಸಿದೆ: ಸ್ಲಿಪ್‌ನಲ್ಲಿ ಸಮಾನತೆಯ 14, ಗಲ್ಲಿಯಲ್ಲಿ ಸ್ವಾತಂತ್ರ್ಯದ 19, ಪಾಯಿಂಟ್‌ನಲ್ಲಿ ಜೀವದ ಹಕ್ಕಿನ 21, ಲಾಂಗ್ ಆನ್‌ನಲ್ಲಿ ಹಣಕಾಸು ಆಯೋಗದ 280, ಲಾಂಗ್ ಆಫ್‌ನಲ್ಲಿ ಚುನಾವಣಾ ಆಯೋಗದ 324. ಒಂದು ತಿಂಗಳು ಚೆನ್ನಾಗಿತ್ತು. ಒಂದು ಭಾನುವಾರ ಎಡಗೈ ಬ್ಯಾಟರ್‌ಗೆ ಫೀಲ್ಡಿಂಗ್ ಮಾಡಿ ಬಂದವನಿಗೆ ಎರಡು ಆಯೋಗಗಳೂ ಅದಲುಬದಲಾದವು. ಕೈಬಿಟ್ಟೆ.

ಮೂರನೆಯ ಸಲ ಮೂವತ್ತೈದರಷ್ಟು ಪ್ರಶ್ನೆ ಬಿಟ್ಟು ಕಟ್ ಆಫ್ ಮೇಲೆ ಇಪ್ಪತ್ತು ಅಂಕ ದಾಟಿದೆ. ಮುಖ್ಯ ಪರೀಕ್ಷೆಗೆ ದಿನಕ್ಕೆರಡು ಉತ್ತರ ಬರೆದದ್ದು ಬಿಟ್ಟರೆ ಹೇಳುವಂಥದ್ದಿಲ್ಲ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಸಹಾಯಕ ಆಯುಕ್ತನ ಹುದ್ದೆ ಸಿಕ್ಕಿತು.

ಕಳೆದ ತಿಂಗಳು ಮಾವ ತಮ್ಮ ಮಗನಿಗೆಂದು ಆ ಪುಸ್ತಕ ಕೇಳಿಕೊಂಡು ಬಂದರು. ಕೊಟ್ಟೆ. ಮೂರು ಆಯ್ಕೆಯ ನಾಲ್ಕು ಹಾಳೆಗಳನ್ನು ಮಾತ್ರ ತೆಗೆದಿಟ್ಟುಕೊಂಡಿದ್ದೇನೆ. ಹುಡುಗ ಮೊದಲು ಒಂದು ಸಲ ಔಟಾಗಿ ಬರಲಿ.