ಎಡಗೈ ಕೂರಿಸಿ, ಆಮೇಲೆ ಬ್ಲೂಸ್

ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿಕೊಂಡೇ ಹೊಟ್ಟೆ ಹೊರೆದವನು ನಾನು. ದುರ್ಗಿಗುಡಿಯ ನಮ್ಮನೆ ಮಹಡಿಗೆ ಕಲಿಯೋಕೆ ಬರುವ ಹುಡುಗರು ಮೊದಲ ದಿನವೇ ಬಲಗೈ ಓಡಿಸ್ತಾರೆ. ಬ್ಲೂಸ್, ಅಂದ್ರೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಶೈಲಿ, ಬೇಕಂದ್ರೆ ಕೀಬೋರ್ಡ್ ತಾನೇ ತಾಳ ಹಾಕುವ ಆಟೋ ರಿದಂ ಆಫ್ ಮಾಡಿ, ಬಲಗೈ ತೊಡೆ ಮೇಲಿಟ್ಟು ಕೂರಿ ಮಾರಾಯ್ರೆ.

ಎಡಗೈ ಕಿರುಬೆರಳು ಸಿ ಅನ್ನೋ ಬಿಳಿ ಮನೆ ಮೇಲೆ. ಅದರ ಜೊತೆ ಒಂದು ಏಟಿಗೆ ತೋರುಬೆರಳಲ್ಲಿ ಜಿ, ಮುಂದಿನ ಏಟಿಗೆ ಹೆಬ್ಬೆರಳಲ್ಲಿ ಎ. ಸಂಗೀತ ಕಲಿತವರಿಗೆ ಸ-ಪ, ಸ-ದ ಅಂದ್ರೆ ಸಾಕು. ನಡೆ ತಿಸ್ರ, ಅಂದ್ರೆ ಒಂದು ಏಟಿಗೆ ಮೂರು ಭಾಗ: ಪ್ರತಿ ಏಟಿಗೂ ಮನಸ್ಸಲ್ಲೇ 'ತಕಿಟ' ಅಂದ್ಕೊಳ್ಳಿ, 'ತ'ಗೂ 'ಟ'ಗೂ ಒತ್ತಿ, 'ಕಿ' ಬಿಟ್ಟುಬಿಡಿ. ಆ ಬಿಟ್ಟ 'ಕಿ'ಯಲ್ಲೇ ತೂಗು ಇರೋದು. ನಾಲ್ಕು ಏಟಿಗೆ ಒಂದು ಬಾರ್, ಅಂಥ 12 ಬಾರ್ ಒಂದು ಸುತ್ತು, ಅಂದ್ರೆ ಆದಿತಾಳದ 6 ಆವರ್ತ. ಕೈಯ ಇದೇ ವರಸೆಯನ್ನ ಸರಿಸ್ತಾ ಹೋಗಿ: ಮೊದಲ 4 ಬಾರ್ ಸಿ, 2 ಎಫ್, ಮತ್ತೆ 2 ಸಿ, ಒಂದು ಜಿ, ಒಂದು ಎಫ್, ಕೊನೆಗೆ 2 ಸಿ.

ಹದಿನೈದು ದಿನ ಕಳೆದ ಮೇಲೆ ಬಲಗೈ ತನ್ನಿ. ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ, ಅಂದ್ರೆ ಇ ಫ್ಲ್ಯಾಟಿನಿಂದ ಇಗೆ, ಕಪ್ಪು ಮನೆಯಿಂದ ಬಿಳಿ ಮನೆಗೆ, ಅದೇ ಬೆರಳು ಜಾರಬೇಕು. ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರುತ್ತಲ್ಲ, ಹಂಗೆ.

ನುಡಿಸೋದು ಬಂತು ಅಂತ ಅರೇಂಜರ್, ಅಂದ್ರೆ ಹಾಡಲ್ಲಿ ಯಾರು ಎಲ್ಲಿ ಏನು ನುಡಿಸಬೇಕು ಅಂತ ಹೊಂದಿಸುವವನು, ಆಗಲ್ಲ. ಅದಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸಿನ ಪಿಯಾನೊ ವಾದಕ ಅಲೆನ್ ಟೂಸಾಂಟ್ ಮಾಡಿದ್ದನ್ನ ಕೇಳಿ. 1938ರಲ್ಲಿ ಹುಟ್ಟಿದ ಪುಣ್ಯಾತ್ಮ ಬೇರೆಯವರ ಕಂಠಕ್ಕೆ ಹಾಡು ಹೊಲಿದುಕೊಟ್ಟೇ ಹೆಸರಾದವನು. ಎಷ್ಟೋ ಹಾಡಿಗೆ ತನ್ನ ಹೆಸರೂ ಹಾಕಿಕೊಳ್ಳಲಿಲ್ಲ, ತಾಯಿಯ ತವರಿನ ಹೆಸರು ಹಾಕಿದ: ನವೋಮಿ ನೆವಿಲ್. 1961ರಲ್ಲಿ ಎರ್ನಿ ಕೆ-ಡೋ ಹಾಡಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋದ 'ಮದರ್ ಇನ್ ಲಾ' ಹಾಕಿ ಕೇಳಿ. ಅಳಿಯ ಅತ್ತೆ ಕಾಟ ಹೇಳ್ಕೊಳ್ತಾನೆ. ಬೆನ್ನಿ ಸ್ಪೆಲ್ಮನ್‌ನ ದಪ್ಪ ದನಿ ನಡುನಡುವೆ 'ಮದರ್ ಇನ್ ಲಾ' ಅನ್ನೋ ಅದೊಂದೇ ಮಾತು ಎತ್ತಿಕೊಡುತ್ತೆ. ಭಜನೆಯಲ್ಲಿ ಹಿಂದಿನ ಸಾಲಿನವರು ಎತ್ತಿಕೊಳ್ಳೋದಿಲ್ವಾ, ಅದೇ ಕಸುಬು. ಹಾಡುವವನು ಉಸಿರು ಎಳೆಯುವ ಜಾಗ ಹುಡುಕಿ, ನಿಮ್ಮ ಕೈಚಳಕವೆಲ್ಲ ಅಲ್ಲಿ ಮಾತ್ರ. 2005ರ ಚಂಡಮಾರುತಕ್ಕೆ ಮನೆ ಹೋದಮೇಲೇ ಟೂಸಾಂಟ್ ನ್ಯೂಯಾರ್ಕಿನಲ್ಲಿ ಒಬ್ಬನೇ ಪಿಯಾನೊ ಮುಂದೆ ಕೂತು ಕಛೇರಿ ಕೊಡತೊಡಗಿದ್ದು.

ಊದುವವರಿಗೆ ಸ್ವರ ಬರೆಯುವಾಗ ಹುಷಾರು. ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಸ್ಯಾಕ್ಸೋಫೋನಿನವನಿಗೆ ಚೀಟಿಯಲ್ಲಿ ಸಿ ಅಂತ ಬರೆದುಕೊಟ್ಟುಬಿಟ್ಟೆ. ಆಲ್ಟೊ ಸ್ಯಾಕ್ಸಲ್ಲಿ ಸಿ ಊದಿದ್ರೆ ಕೇಳಿಸೋದು ಇ ಫ್ಲ್ಯಾಟ್! ನಾನೊಂದು ದಿಕ್ಕು, ಅವನೊಂದು ದಿಕ್ಕು. ಹಾಡುವವನು ಮೈಕ್ ಹಿಡಿದು ನನ್ನೇ ನೋಡ್ತಾ ನಿಂತ. ನಿಮ್ಮ ಸಿ ಅವನಿಗೆ ಎ, ಚೀಟಿಯಲ್ಲಿ ಹಾಗೇ ಬರೀರಿ.

ಆಷಾಢದಲ್ಲಿ ಕರೆಂಟ್ ಹೋದ್ರೆ ಕೀಬೋರ್ಡಿಗೆ ಬಟ್ಟೆ ಹೊದಿಸಿ, ಮೇಜಿನ ಮೇಲೆ ಎಡಗೈ ಬಡೀತಾ ಇರಿ. 'ಕಿ' ತಪ್ಪಿ ಬಿದ್ರೆ ನನ್ನ ಹೆಂಡತಿ ಅಡುಗೆಮನೆಯಿಂದಲೇ ಹಿಡೀತಾಳೆ.